ಮೆಣಸಿನಕಾಯಿ ನಾಟಕಕ್ಕೆ ಪಟ್ಟಿ (ವಂತಿಗೆ) ಎತ್ತುವುದು ಹೇಗೆ?

ಪ್ರಶ್ನೆ: ನಾವು ಬ್ಯಾಡಗಿಯ ಒಂದು ಹವ್ಯಾಸಿ ತಂಡ. ಒಂಬತ್ತು ಜನ ನಟರು, ಲೈಟು ಮತ್ತು ಸೆಟ್ಟಿಗೆ ಇಬ್ಬರು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ದಿನಚರಿ ಇಟ್ಟುಕೊಂಡು 55 ನಿಮಿಷದ ಪ್ರಯೋಗ ಮಾಡಿದ್ದೇವೆ. ಮಾತು ತೀರ ಕಡಿಮೆ. ವೇದಿಕೆ ಇಲ್ಲ. ಪ್ರೇಕ್ಷಕರು ಕಾಯಿ ರಾಶಿಯ ಸುತ್ತ ಚೀಲಗಳ ಮೇಲೆ ಕೂರುತ್ತಾರೆ. 60 ಜನಕ್ಕಷ್ಟೇ ಜಾಗ. ಕೇರಳದ ಒಂದು ರಂಗೋತ್ಸವ ನಮ್ಮನ್ನು ಕರೆದಿದೆ. ಊಟ, ವಸತಿ ಅವರದು. ಪ್ರದರ್ಶನ ಮುಗಿದ ಮೇಲೆ 40,000 ರೂಪಾಯಿ ಕೊಡುತ್ತಾರೆ. ಪ್ರಯಾಣ, ಸೆಟ್ಟು ನಮ್ಮದೇ. ಇನ್ನು ಮೂರೂವರೆ ತಿಂಗಳಿದೆ. ಲೆಕ್ಕ ಹಾಕಿದರೆ 3,80,000 ಬೇಕು. ಕೈಯಲ್ಲಿ ಏನೂ ಇಲ್ಲ. ತಂಡ ನೋಂದಣಿಯೂ ಆಗಿಲ್ಲ. ಸರ್ಕಾರದ ಅನುದಾನಕ್ಕೆ ಓಡಾಡಬೇಕಾ, ಕಂಪನಿಗಳನ್ನು ಹಿಡಿಯಬೇಕಾ, ಆನ್‌ಲೈನ್‌ನಲ್ಲಿ ಕ್ರೌಡ್‌ಫಂಡಿಂಗ್ ಮಾಡಬೇಕಾ? ಅಮೆರಿಕದಲ್ಲಿರುವ ನಮ್ಮೂರಿನವರೊಬ್ಬರು 50,000 ಕೊಡುತ್ತೇನೆ ಅಂದಿದ್ದಾರೆ, ತಗೊಳ್ಳಬಹುದಾ? ದಲಾಲಿ ಅಂಗಡಿಗಳಲ್ಲಿ ಕೇಳಲು ಮುಜುಗರ. ನಾಟಕದಲ್ಲಿ ಕೂಲಿಯ ವಿಷಯ ಬರುತ್ತದೆ.

ಉತ್ತರ: ನಿಮ್ಮ ಬಜೆಟ್ ಹಾಳೆಯನ್ನು ಮೂರು ಸಲ ಓದಿದೆ. ಲಾರಿ ಸಮೇತ ಸೆಟ್ಟು 1,20,000. ಲೈಟು ಬಾಡಿಗೆ 50,000. ಮಿನಿ ಬಸ್ಸು 85,000. ವಿಡಿಯೊ, ಪೋಸ್ಟರ್, ಟೀ ಶರ್ಟು 60,000. ತಾಲೀಮಿನ ಊಟ-ಚಹಾ 40,000. ಇತರೆ 25,000. ನಟರಿಗೆ ಸೊನ್ನೆ.

ಟೀ ಶರ್ಟಿಗೆ ದುಡ್ಡಿದೆ, ನಟರಿಗಿಲ್ಲ. ಮೊದಲು ಇದನ್ನು ತಿದ್ದೋಣ.

ಧಾರವಾಡದಲ್ಲಿ ಕೂತು ಇಪ್ಪತ್ತೈದು ವರ್ಷದಿಂದ ತಂಡಗಳ ಲೆಕ್ಕ ನೋಡುತ್ತಿದ್ದೇನೆ. ಹೊಸ ತಂಡಗಳೆಲ್ಲ ಮೊದಲು ದೊಡ್ಡ ಮೊತ್ತ ಬರೆದು, ಆಮೇಲೆ ಅಷ್ಟು ಕೊಡುವವರನ್ನು ಹುಡುಕಲು ಹೊರಡುತ್ತವೆ. ನೀವು ತಿರುವುಮುರುವು ಮಾಡಿ. ಯಾವುದನ್ನು ದುಡ್ಡಿಲ್ಲದೆ ತರಬಹುದು ಅಂತ ಮೊದಲು ನೋಡಿ. ಉಳಿದದ್ದಕ್ಕೆ ಮಾತ್ರ ದುಡ್ಡು ಕೇಳಿ. ಕೇಳುವ ಮುಂಚೆ ನಾಟಕ ತೋರಿಸಿ. ನಾನು ಹೇಳುವುದು ಇಷ್ಟೇ, ಆದರೆ ಮಾಡುವುದು ಹೇಗೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಲಾರಿಯಿಂದ ಶುರು ಮಾಡೋಣ. ನೀವು 120 ಚೀಲ, ಕಬ್ಬಿಣದ ಚೌಕಟ್ಟು, ಕಾಯಿ ಎಲ್ಲ ಸೇರಿಸಿ ಹೋಗಿ ಬರಲು 75,000 ಬಾಡಿಗೆ ಹಾಕಿದ್ದೀರಿ. ನೀವು ಕೂತಿರುವುದು ಯಾವ ಊರಲ್ಲಿ ಅಂತ ಮರೆತಿರಾ? ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೊರೆಸಿನ್ ಅನ್ನುವ ಗಟ್ಟಿ ಸಾರ ತೆಗೆಯುತ್ತಾರೆ. ಅದನ್ನು ತೆಗೆಯುವ ದೊಡ್ಡ ಕಾರ್ಖಾನೆಗಳು ಕೇರಳದಲ್ಲೂ ಇವೆ. ಅಂದರೆ ನಿಮ್ಮ ಎಪಿಎಂಸಿ ಯಾರ್ಡಿನಿಂದ ಆ ದಿಕ್ಕಿಗೆ ಲಾರಿ ಹೋಗುತ್ತವೆ. ತುಂಬಿದ ಲಾರಿಯ ಮೇಲೆ ನಿಮ್ಮ ಬಿಚ್ಚಿ ಕಟ್ಟಿದ ಚೌಕಟ್ಟು, ನೂರು ಖಾಲಿ ಚೀಲದ ಒಂದು ಸುರುಳಿ, ಎರಡು ಟ್ರಂಕು ಕೂರುವುದು ದೊಡ್ಡ ವಿಷಯವೇ ಅಲ್ಲ. ಚೀಲ ತುಂಬಿಕೊಂಡು ಹೋಗುವ ಅಗತ್ಯವೂ ಇಲ್ಲ. ಅಲ್ಲೇ ಭತ್ತದ ಹೊಟ್ಟು ತುಂಬಿಸಿ. ಕೂರುವವರಿಗೆ ಹೊಟ್ಟು ಕಾಯಿಗಿಂತ ಮೆತ್ತಗೆ. ಕಣ್ಣಿಗೆ ಕಾಣುವ ಮೇಲಿನ ಪದರಕ್ಕೆ ಎರಡು ಚೀಲ ನಿಜವಾದ ಕಾಯಿ ಸಾಕು. ಬರುವಾಗ ಹೊಟ್ಟು ಅಲ್ಲೇ ಬಿಟ್ಟು, ಬಟ್ಟೆಯಂತೆ ಮಡಚಿದ ಚೀಲಗಳನ್ನು ರೈಲಿನಲ್ಲಿ ತನ್ನಿ.

ಹೀಗೆ ಮಾಡಿದರೆ ಸೆಟ್ಟಿಗೆ 30,000, ಹಮಾಲಿ ಮತ್ತು ಅಲ್ಲಿನ ಟೆಂಪೊಕ್ಕೆ 10,000 ಸಾಕು. ಒಂದು ಎಚ್ಚರಿಕೆ. ಲಾರಿ ಬೇಗ ಹೋಗುತ್ತದೆ, ನೀವು ತಡವಾಗಿ ಹೋಗುತ್ತೀರಿ. ಸಾಮಾನು ಇಳಿಸಿಕೊಂಡು ಇಟ್ಟುಕೊಳ್ಳುವ ಜಾಗವನ್ನು ಉತ್ಸವದವರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಫೋನಿನಲ್ಲಿ ‘ಆಯ್ತು’ ಅಂದದ್ದು ಲೆಕ್ಕಕ್ಕಿಲ್ಲ.

ಲೈಟಿನ 50,000 ನನಗೆ ಅರ್ಥವಾಗಲಿಲ್ಲ. ಕರೆಸುವ ಉತ್ಸವದಲ್ಲಿ ಲೈಟು ಇದ್ದೇ ಇರುತ್ತವೆ. ಅವರ ಹತ್ತಿರ ಇರುವ ಲೈಟುಗಳ ಪಟ್ಟಿ ತರಿಸಿಕೊಳ್ಳಿ, ನಿಮ್ಮ ವಿನ್ಯಾಸವನ್ನು ಅದಕ್ಕೆ ಹೊಂದಿಸಿ. ರಾಶಿಯ ಒಳಗೆ ಇಡುವ ಸಣ್ಣ ಬಲ್ಬುಗಳಂಥ ನಿಮ್ಮದೇ ಆದ ವಸ್ತುಗಳಿಗೆ 10,000 ಇಟ್ಟುಕೊಳ್ಳಿ. ಮಿನಿ ಬಸ್ಸು ಬೇಡ, ರೈಲಿನಲ್ಲಿ ಹೋಗಿ. ಹನ್ನೊಂದು ಜನಕ್ಕೆ ಹೋಗಿ ಬರಲು, ದಾರಿ ಊಟ, ಆಟೊ ಸೇರಿ 30,000ದಲ್ಲಿ ಮುಗಿಯುತ್ತದೆ. ಹಿಂದೆ ಪ್ರದರ್ಶನಕ್ಕೆ ಹೋಗುವ ಕಲಾವಿದರಿಗೆ ರೈಲಿನಲ್ಲಿ ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು ಮತ್ತೆ ಬರಲಿಲ್ಲ. ಹಿರಿಯರ ಹಳೆ ಬಜೆಟ್ ನಕಲು ಮಾಡಿ ಮೋಸಹೋಗಬೇಡಿ. ವಿಡಿಯೊ, ಪೋಸ್ಟರಿಗೆ 15,000. ತಾಲೀಮಿನ ಊಟದ 40,000 ಹಾಗೇ ಇರಲಿ. ಅದನ್ನು ಕತ್ತರಿಸಿದ ತಂಡಗಳು ಮೂರನೇ ವಾರದಲ್ಲಿ ಜಗಳ ಆಡಿಕೊಂಡದ್ದನ್ನು ಕಂಡಿದ್ದೇನೆ. ಹನ್ನೊಂದು ಜನಕ್ಕೂ ತಲಾ 4,000 ಸಂಭಾವನೆ, ಒಟ್ಟು 44,000. ಕಡಿಮೆಯೇ, ಆದರೂ ಸೊನ್ನೆ ಅಲ್ಲವಲ್ಲ. ಕೂಲಿಯ ಬಗ್ಗೆ ನಾಟಕ ಮಾಡಿ ಕೂಲಿ ಕೊಡದಿದ್ದರೆ ಹೇಗೆ? ಆಪತ್ತಿಗೆ 20,000.

ಕೂಡಿಸಿ. 1,99,000. ಉತ್ಸವದ 40,000 ಕಳೆದರೆ 1,59,000. ನಿಮ್ಮ 3,80,000 ಎಲ್ಲಿಗೆ ಬಂತು ನೋಡಿ.

ಇನ್ನೊಂದು ಮಾತು. ಎಷ್ಟು ದುಡ್ಡು ಅನ್ನುವುದಕ್ಕಿಂತ ಯಾವಾಗ ಬೇಕು ಅನ್ನುವುದು ಕೆಲವೊಮ್ಮೆ ಜಾಸ್ತಿ ಕಾಡುತ್ತದೆ. ರೈಲ್ವೆ ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು. 2024ರ ನವೆಂಬರ್‌ನಿಂದ 60 ದಿನ ಆಗಿದೆ. ಬುಕಿಂಗ್ ತೆರೆದ ಬೆಳಿಗ್ಗೆ ಟಿಕೆಟ್ ದುಡ್ಡು ಕೈಯಲ್ಲಿರಬೇಕು. ಹನ್ನೊಂದು ಜನ ವೇಟಿಂಗ್ ಲಿಸ್ಟಿನಲ್ಲಿ ಹೋಗಲು ಆಗುವುದಿಲ್ಲ. ಉತ್ಸವದ 40,000 ಬರುವುದು ಮಾತ್ರ ನಾಟಕ ಮುಗಿದ ಮೇಲೆ. ‘ಮುಗಿದ ಮೇಲೆ’ ಅಂದರೆ ಮರುದಿನ ಅಂತ ತಿಳಿಯಬೇಡಿ, ತಿಂಗಳೂ ಆಗಬಹುದು. ಅಷ್ಟು ಮೊತ್ತವನ್ನು ಬಡ್ಡಿ ಇಲ್ಲದೆ ಕೈಗಡ ಕೊಡುವ ಒಬ್ಬರನ್ನು ಈಗಲೇ ಹುಡುಕಿ. ದೇಣಿಗೆ ಬೇಡ, ಕೈಗಡ. ವಾಪಸ್ ಕೊಡುವ ತಾರೀಕು ಬರೆದು ಸಹಿ ಮಾಡಿಕೊಡಿ. ದೇಣಿಗೆ ಕೊಡಲು ಹಿಂದೆ ಮುಂದೆ ನೋಡುವವರು ಕೈಗಡ ಕೊಡುತ್ತಾರೆ. ನಮ್ಮ ಕಡೆ ಅದಕ್ಕೆ ಮರ್ಯಾದೆ ಇದೆ.

ಈಗ ನೀವು ಕೇಳಿದ ಮೂರು ದಾರಿಗಳು.

ಸರ್ಕಾರದ ದುಡ್ಡು ಈ ಪ್ರಯಾಣಕ್ಕೆ ಸಿಗುವುದಿಲ್ಲ. ಮೂರೂವರೆ ತಿಂಗಳಲ್ಲಿ, ನೋಂದಣಿ ಇಲ್ಲದ ತಂಡಕ್ಕೆ, ಆಗದ ಮಾತು. ಕೇಂದ್ರ ಸಂಸ್ಕೃತಿ ಸಚಿವಾಲಯ ಕಾರ್ಯಕ್ರಮ ಮತ್ತು ನಾಟಕ ನಿರ್ಮಾಣಕ್ಕೆ ಸಾಮಾನ್ಯವಾಗಿ 5 ಲಕ್ಷದವರೆಗೆ ಕೊಡುವ ಯೋಜನೆ ಇದೆ. ಆದರೆ ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು, ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿರಬೇಕು. ಮಂಜೂರಾದರೂ ಮೊದಲು ನೂರಕ್ಕೆ 75 ಭಾಗ ಬರುತ್ತದೆ, ಉಳಿದ 25 ಭಾಗ ಲೆಕ್ಕ ಒಪ್ಪಿಸಿದ ಮೇಲೆ. ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಸಂಘ-ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಅಲ್ಲೂ ಮೊದಲು ಕೇಳುವುದು ನೋಂದಣಿ ಪತ್ರವನ್ನೇ. ಹಾಗಾಗಿ ಇವತ್ತು ಮಾಡಬೇಕಾದ್ದು ಅರ್ಜಿ ಅಲ್ಲ, ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ನೀವು ಹನ್ನೊಂದು ಜನ ಇದ್ದೀರಿ. ಈ ವರ್ಷ ಮಾಡಿಸಿದರೆ ಮೂರು ವರ್ಷದ ನಂತರದ ನಾಟಕಕ್ಕೆ ಆಗುತ್ತದೆ.

ಲೆಕ್ಕ ಒಪ್ಪಿಸುವುದು ಅಂದೆನಲ್ಲ, ಅದರಲ್ಲಿ ನನ್ನದೇ ಒಂದು ಗಾಯ ಇದೆ. ಬಹಳ ಹಿಂದೆ ಒಂದು ಅನುದಾನದ ಮೊದಲ ಕಂತು ಬಂತು, ನಾಟಕ ಆಯಿತು, ಜನ ಹೊಗಳಿದರು. ಎರಡನೇ ಕಂತಿಗೆ ಬಿಲ್ಲು ಜೋಡಿಸಲು ಕೂತೆ. ಬಡಗಿಗೆ ಕೊಟ್ಟ 28,000ಕ್ಕೆ ಇದ್ದ ಆಧಾರ ಒಂದು ಸಿಗರೇಟ್ ಪ್ಯಾಕಿನ ಒಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ. ಅದೂ ಮಳೆಯಲ್ಲಿ ನೆಂದಿತ್ತು. ಲೆಕ್ಕ ಪರಿಶೋಧಕರು ಅದನ್ನು ಎರಡು ಬೆರಳಲ್ಲಿ ಹಿಡಿದು, ‘ಇದೇನ್ರಿ ಸರ?’ ಅಂದರು. ಎರಡನೇ ಕಂತು ಬರಲೇ ಇಲ್ಲ. ಸಾಲ ತೀರಿಸಲು ನನಗೆ ಎರಡು ವರ್ಷ ಬೇಕಾಯಿತು. ತಪ್ಪು ಯಾರದೂ ಅಲ್ಲ, ನನ್ನದೇ. ಅಂದಿನಿಂದ ನನ್ನ ಚೀಲದಲ್ಲಿ ಒಂದು ವೋಚರ್ ಪುಸ್ತಕ, ಒಂದು ಇಂಕ್ ಪ್ಯಾಡು ಯಾವಾಗಲೂ ಇರುತ್ತದೆ. ಹಮಾಲರು, ಚಹಾದವರು, ಬಡಗಿಗಳು ಬಿಲ್ಲು ಕೊಡುವುದಿಲ್ಲ. ವೋಚರ್ ನೀವೇ ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು.

ಕಂಪನಿ ದುಡ್ಡು, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆ ಪ್ರಕಾರ 5 ಕೋಟಿ ನಿವ್ವಳ ಲಾಭ, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಭಾಗ ಸಮಾಜಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ ಕೂಡ ಆ ಪಟ್ಟಿಯಲ್ಲಿದೆ. ಆದರೆ 2021ರ ಏಪ್ರಿಲ್‌ನಿಂದ ಅಂಥ ದುಡ್ಡು ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ಅಲ್ಲಿಗೆ ಆ ಬಾಗಿಲೂ ಸದ್ಯಕ್ಕೆ ಮುಚ್ಚಿತು. ಇನ್ನು ಕಂಪನಿಯವರ ಮನಸ್ಸು ಓಡುವುದು ಶಾಲೆ, ಶೌಚಾಲಯ, ಕೆರೆ ಕಡೆ. ಕಲೆಗೆ ಬಂದರೂ ‘ಸಾಂಪ್ರದಾಯಿಕ ಕಲೆ’ ಅನ್ನುವ ಮಾತು ಹಿಡಿದುಕೊಳ್ಳುತ್ತಾರೆ. ಮಾತಿಲ್ಲದೆ ಕಾಯಿ ತೊಟ್ಟು ಮುರಿಯುವ ನಾಟಕವನ್ನು ಆ ಡಬ್ಬಿಯೊಳಗೆ ತುರುಕಲು ಹೋಗಿ ನಾಟಕದಲ್ಲಿ ಡೊಳ್ಳು ಸೇರಿಸಬೇಡಿ. ಹಾಗೆ ಸೇರಿಸಿದ ನಾಟಕ ನೋಡಿದ್ದೇನೆ.

ಆನ್‌ಲೈನ್ ಕ್ರೌಡ್‌ಫಂಡಿಂಗ್ ಅಂದ ಕೂಡಲೇ 2013ರ ‘ಲೂಸಿಯಾ’ ಸಿನಿಮಾದ ಉದಾಹರಣೆ ಬರುತ್ತದೆ. ಅದು ಪ್ರೇಕ್ಷಕರ ದುಡ್ಡಿನಲ್ಲಿ ಆದ ಸಿನಿಮಾ, ನಿಜ. ಆದರೆ ಸಿನಿಮಾಕ್ಕೆ ಕೊಟ್ಟವರು ತಮ್ಮ ಊರಲ್ಲೇ ಕೂತು ಅದನ್ನು ನೋಡಬಹುದು. ನಿಮಗೆ ಬೆಂಗಳೂರಿನಿಂದ 500 ರೂಪಾಯಿ ಕಳಿಸಿದವರು ಕೇರಳದ ಷೋ ನೋಡುವುದು ಹೇಗೆ? ಕೊಡುವವರು ನಾಟಕಕ್ಕೆ ಕೊಡುವುದಿಲ್ಲ, ನಿಮ್ಮ ಮುಖ ನೋಡಿ ಕೊಡುತ್ತಾರೆ. ಹಾಗಾಗಿ ನಿಮ್ಮ ಹನ್ನೊಂದು ಜನರ ಫೋನುಗಳಲ್ಲಿ ಎಷ್ಟು ಜನ ಆಪ್ತರಿದ್ದಾರೋ ಅಷ್ಟೇ ನಿಮ್ಮ ಕ್ರೌಡು. 25,000 ಬಂದರೆ ದೊಡ್ಡದು. ಅಷ್ಟಕ್ಕೆ ವೆಬ್‌ಸೈಟೂ ಬೇಡ, ಅವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆದು, ಇಬ್ಬರ ಸಹಿ ಇದ್ದರೆ ಮಾತ್ರ ಹಣ ತೆಗೆಯುವಂತೆ ಮಾಡಿ, ಅದರ ಖಾತೆ ಸಂಖ್ಯೆ ಕಳಿಸಿ. ನಿರ್ದೇಶಕರ ಸ್ವಂತ ಖಾತೆಗೆ ಮಾತ್ರ ಬೇಡ. ಕಳ್ಳತನ ಆಗುತ್ತದೆ ಅಂತಲ್ಲ. ಮನೆ ಕರೆಂಟ್ ಬಿಲ್ಲೂ ನಾಟಕದ ದುಡ್ಡೂ ಒಂದೇ ಕಡೆ ಸೇರಿದರೆ ಮೂರು ತಿಂಗಳ ನಂತರ ದೇವರಿಗೂ ಬಿಡಿಸಲು ಬರುವುದಿಲ್ಲ. ತೆರಿಗೆ ವಿನಾಯಿತಿ ಕೇಳುವವರಿಗೆ ‘ಆ ವಿನಾಯಿತಿ ಕೊಡಿಸುವ ನೋಂದಣಿ ನಮಗಿಲ್ಲ’ ಅಂತ ನೇರವಾಗಿ ಹೇಳಿ.

ಅಮೆರಿಕದವರ 50,000 ವಿಷಯ. ಒಂದೇ ಪ್ರಶ್ನೆ ಕೇಳಿ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಇನ್ನೂ ಭಾರತದ್ದೇ ಆಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಇಲ್ಲಿನ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ ಕಾನೂನಿನ ಕಣ್ಣಲ್ಲಿ ಅವರು ವಿದೇಶಿ ಮೂಲ. ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ಇದ್ದರೂ, ಅವರ ಅಜ್ಜನ ಮನೆ ನಿಮ್ಮ ಓಣಿಯಲ್ಲೇ ಇದ್ದರೂ ಅಷ್ಟೇ. ಅಂಥ ದೇಣಿಗೆ ತಗೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮಗೆ ಅದು ಆಗುವ ಹೋಗುವ ಮಾತಲ್ಲ. ಪ್ರೀತಿಯಿಂದ ಬೇಡ ಅನ್ನಿ. ಭಾರತದ ಪಾಸ್‌ಪೋರ್ಟ್ ಇದ್ದರೂ 50,000 ಒಟ್ಟಿಗೆ ತಗೊಳ್ಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಾದರೆ ದುಡ್ಡು ಎಲ್ಲಿಂದ? ನಮ್ಮ ಕಡೆಯ ನಾಟಕ ಎಲ್ಲಿಂದ ತಂದಿತ್ತೋ ಅಲ್ಲಿಂದಲೇ. ಹಾವೇರಿ ಸೀಮೆಯ ಸಾತೇನಹಳ್ಳಿಯಲ್ಲಿ ಹುಟ್ಟಿದ ಶಾಂತಕವಿಗಳು 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಆಗ ಇಲ್ಲೆಲ್ಲ ಮರಾಠಿ ಕಂಪನಿಗಳದೇ ಜೋರು. ಕನ್ನಡದಲ್ಲಿ ನಾಟಕ ಆಡುವುದೇ ಆ ಕಾಲಕ್ಕೆ ಒಂದು ಪ್ರಯೋಗ. ಅದೇ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಊಟ, ಸಂಗೀತ ಪಾಠಕ್ಕೆ ದುಡ್ಡು ಬೇಕಾದಾಗ ಗವಾಯಿಗಳು ನಾಟಕ ಕಂಪನಿಯನ್ನೇ ನಡೆಸಿದರು. ನಾಟಕಕ್ಕೆ ದೇಣಿಗೆ ಎತ್ತಲಿಲ್ಲ, ನಾಟಕ ಆಡಿ ಆಶ್ರಮ ಸಾಕಿದರು.

ಹಳ್ಳಿ ನಾಟಕದವರಂತೂ ನಮ್ಮೆಲ್ಲರಿಗಿಂತ ಜಾಣರು. ಹಾನಗಲ್ಲ ಕಡೆಯ ಒಂದು ಜಾತ್ರೆ ನಾಟಕದ ಹ್ಯಾಂಡ್‌ಬಿಲ್ ನನ್ನ ಹತ್ತಿರ ಇನ್ನೂ ಇದೆ. ಗುಲಾಬಿ ಕಾಗದ. ಅದರಲ್ಲಿ ನಟರ ಹೆಸರು ಹದಿನಾಲ್ಕು, ಉಳಿದವರ ಹೆಸರು ನಲವತ್ತಮೂರು. ಜ್ಯೋತಿ ಬೆಳಗುವವರು, ಕಾಯಿ ಒಡೆಯುವವರು, ಪರದೆ ಎಳೆಯುವವರು, ಮೈಕ್ ಉದ್ಘಾಟಿಸುವವರು. ಒಂದೊಂದು ಹೆಸರಿನ ಹಿಂದೆ ಒಂದೊಂದು ಪಟ್ಟಿ ಇದೆ. ರಾತ್ರಿ ನಾಟಕದ ನಡುವೆ ಆಯೇರಿ, ಅಂದರೆ ಉಡುಗೊರೆ, ಬೇರೆ. ಆ ರಾತ್ರಿ ನಾಯಕ ಸಾಯುವ ಸೀನಿನಲ್ಲಿ ಅವನ ಸೋದರಮಾವ ಮೇಲೆ ಹತ್ತಿ ಬಂದ, ಟವೆಲ್ ಹೊದಿಸಿ 501 ರೂಪಾಯಿ ಕೈಗಿಟ್ಟ. ಸತ್ತವ ಎದ್ದು ಕೂತು ಮಾವನ ಕಾಲು ಮುಟ್ಟಿದ. ಮೈಕಿನಲ್ಲಿ ಹೆಸರು ಕೂಗಿದರು. ಆಮೇಲೆ ಮತ್ತೆ ಮಲಗಿ ಸತ್ತ. ಯಾರೂ ನಗಲಿಲ್ಲ, ನಾನೊಬ್ಬನೇ ನಕ್ಕೆ. ಪ್ರಯೋಗ ಅಂದರೆ ಅದಲ್ಲವಾ?

ನಿಮ್ಮ 55 ನಿಮಿಷದ ಮಧ್ಯೆ ಆಯೇರಿ ಇಟ್ಟುಕೊಳ್ಳಿ ಅಂತ ಹೇಳುತ್ತಿಲ್ಲ. ಅಲ್ಲಿಂದ ಎರಡು ವಿಷಯ ತಗೊಳ್ಳಿ. ಒಂದು, ಬಹಳ ಜನ, ಸಣ್ಣ ಸಣ್ಣ ಮೊತ್ತ. ಎರಡು, ಪ್ರತಿ ಮೊತ್ತಕ್ಕೂ ಒಂದು ಕೆಲಸದ ಹೆಸರು.

ತಲಾ 1,000ದಂತೆ ಅರವತ್ತು ಜನ ಹಿಡಿಯಿರಿ. ‘ಪ್ರಾಯೋಗಿಕ ರಂಗಭೂಮಿಗೆ ನೆರವಾಗಿ’ ಅಂತ ಕೇಳಬೇಡಿ. ಅದು ಯಾರಿಗೂ ಏನೂ ಹೇಳುವುದಿಲ್ಲ. ‘ನಮ್ಮ ಲಕ್ಷ್ಮಿ ಪಾತ್ರದವಳು ಹೋಗಿ ಬರುವ ರೈಲು ಟಿಕೆಟ್ಟು ನಿಮ್ಮದು’ ಅನ್ನಿ. ‘ಈ ನಾಲ್ಕು ಚೀಲ ನಿಮ್ಮದು’ ಅನ್ನಿ. ಚೀಲದ ಮೇಲೆ ದಲಾಲಿ ಅಂಗಡಿಯವರು ಮಾರ್ಕು ಬರೆಯುತ್ತಾರಲ್ಲ, ಹಾಗೆ ಕೊಟ್ಟವರ ಹೆಸರಿನ ಮೊದಲ ಅಕ್ಷರವನ್ನು ಚೀಲದ ಮೇಲೆ ಬರೆಯಿರಿ. ಸೆಟ್ಟಿಗೂ ಅದು ಒಪ್ಪುತ್ತದೆ, ಬ್ಯಾನರೂ ಬೇಡ. ಬ್ಯಾನರ್ ವಿಷಯದಲ್ಲಿ ನಾನು ಕಲ್ಲು. ಒಮ್ಮೆ ಒಬ್ಬ ಪ್ರಾಯೋಜಕರು ಷೋ ಶುರುವಾಗಲು ಹತ್ತು ನಿಮಿಷ ಇರುವಾಗ ಹನ್ನೆರಡು ಅಡಿಯ ಫ್ಲೆಕ್ಸ್ ತಂದು, ‘ಇದನ್ನ ಹಿಂದ ಕಟ್ರಿ’ ಅಂದರು. ಅದು ಕತ್ತಲಲ್ಲಿ ನಡೆಯುವ ನಾಟಕ. ಕಟ್ಟಿದೆವು. ಆ ಸಂಜೆ ಜನ ಕತ್ತಲಲ್ಲಿ ನಟರನ್ನು ಕಾಣಲಿಲ್ಲ, ಮಿನುಗುವ ಫೋನ್ ನಂಬರ್ ಓದುತ್ತ ಕೂತರು.

ದಲಾಲಿ ಅಂಗಡಿಯವರ ಮುಜುಗರಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಈ ಪ್ರಶ್ನೆ. ನಾಟಕ ಅವರನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ, ತೋರಿಸುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಅವರ ಹತ್ತಿರ ಹೋಗಲೇಬೇಕು. ಆದರೆ ಮುಚ್ಚಿಟ್ಟು ಹೋಗಬೇಡಿ. ಮೊದಲು ಕರೆದು ನಾಟಕ ತೋರಿಸಿ, ಆಮೇಲೆ ಲಾರಿ ಜಾಗ, ಖಾಲಿ ಚೀಲ, ಎರಡು ಚೀಲ ಕಾಯಿ ಕೇಳಿ. ವಸ್ತು ಕೊಟ್ಟವರು ನಾಟಕ ತಿದ್ದಲು ಬರುವುದು ಕಡಿಮೆ. ದುಡ್ಡು ಕೊಟ್ಟವರು ಬರುತ್ತಾರೆ. ದುಡ್ಡಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ: ಯಾರಿಂದಲೂ ಒಟ್ಟು ಮೊತ್ತದ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ ಬೇಡ. ನಿಮ್ಮ ಲೆಕ್ಕದಲ್ಲಿ 15,000 ಚಿಲ್ಲರೆ. ಅದಕ್ಕೇ ಅಮೆರಿಕದವರ 50,000 ಬೇಡ ಅಂದದ್ದು. ಮೂರನೇ ಒಂದು ಭಾಗ ಒಬ್ಬರೇ ಕೊಟ್ಟರೆ ನಾಳೆ ಅವರ ಫೋನು ಬಂದಾಗ ನಿಮ್ಮ ದನಿ ಸಣ್ಣದಾಗುತ್ತದೆ. ಒಂದಿಬ್ಬರು ವ್ಯಾಪಾರಿಗಳು ನೋಡಿ ಸಿಟ್ಟಾದರೆ ಆಗಲಿ. ಲಾರಿ ಇನ್ನೊಬ್ಬರದು ಸಿಗುತ್ತದೆ.

ಎಲ್ಲರಿಗಿಂತ ಮೊದಲು ತೋರಿಸಬೇಕಾದ್ದು ತೊಟ್ಟು ಬಿಡಿಸುವ ಹೆಂಗಸರಿಗೆ. ಪುಕ್ಕಟೆ. ಅವರ ದಿನಚರಿ ಇಟ್ಟುಕೊಂಡು ಮಾಡಿದ್ದೀರಿ, ಅದು ಅವರಿಗೆ ಸಲ್ಲಬೇಕಾದ್ದು. ನಾಟಕಕ್ಕೂ ಲಾಭ. ಬೆರಳು ಎಷ್ಟು ಬೇಗ ಓಡುತ್ತದೆ, ಘಾಟು ಹತ್ತಿದಾಗ ಸೆರಗು ಎಲ್ಲಿಗೆ ಹೋಗುತ್ತದೆ, ಕೂತಲ್ಲೇ ಕೂತು ಸೊಂಟ ಹಿಡಿದಾಗ ಹೇಗೆ ಹೊರಳುತ್ತಾರೆ, ಇದನ್ನು ಯಾವ ನಿರ್ದೇಶಕರೂ ಅವರಷ್ಟು ಹೇಳಲಾರರು. ಆ ಷೋದ ಖರ್ಚನ್ನು ನಿಮ್ಮ ಅಮೆರಿಕದವರು, ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ, 15,000 ಕೊಟ್ಟು ವಹಿಸಿಕೊಳ್ಳಲಿ. ಕಂಪನಿ ನಾಟಕದವರು ಸಹಾಯಾರ್ಥ ಪ್ರದರ್ಶನ ಮಾಡುತ್ತಿದ್ದರಲ್ಲ, ಹಾಗೆ ಒಂದು ಸಂಜೆಯನ್ನೇ ಪೂರ್ತಿ ಕೊಳ್ಳುವುದು. ಇನ್ನೊಂದು ಸಂಜೆಯನ್ನು ಹಾವೇರಿಯದೋ ಹುಬ್ಬಳ್ಳಿಯದೋ ಒಂದು ಕಾಲೇಜು, ಬ್ಯಾಂಕ್ ನೌಕರರ ಸಂಘ, ಯಾರಾದರೂ ಕೊಳ್ಳುತ್ತಾರೆ. 60 ಸೀಟು, 15,000. ‘ಇಡೀ ಸಂಜೆ ನಿಮ್ಮದು’ ಅಂದರೆ ಸಂಘದವರಿಗೆ ಖುಷಿ.

ಇನ್ನು ನಾಲ್ಕು ಟಿಕೆಟ್ ಷೋ. ಎರಡು ಬ್ಯಾಡಗಿಯಲ್ಲಿ, ಒಂದು ಹಾನಗಲ್ಲ ತಾಲೂಕಿನ ಶೇಷಗಿರಿಯಲ್ಲಿ, ಒಂದು ಧಾರವಾಡದಲ್ಲಿ. ಶೇಷಗಿರಿ ಚಿಕ್ಕ ಊರು, ಆದರೆ ಅಲ್ಲಿ ಸ್ವಂತ ರಂಗಮಂದಿರ ಇದೆ, ಗಜಾನನ ಯುವಕ ಮಂಡಳ ಇದೆ, ನಾಟಕ ನೋಡಿ ಪಳಗಿದ ಜನ ಇದ್ದಾರೆ. ಅಲ್ಲಿ ಮಂದಿ ಎದ್ದು ಹೋದರೆ ನಾಟಕದಲ್ಲೇ ಏನೋ ಊನ ಇದೆ ಅಂತ ತಿಳಿಯಿರಿ. ಧಾರವಾಡದ ಕಷ್ಟ ಬೇರೆ. ಇಲ್ಲಿ ನೋಡುವವರು ಜಾಸ್ತಿ, ಟಿಕೆಟ್ ತಗೊಳ್ಳುವವರು ಕಡಿಮೆ. ‘ಪಾಸ್ ಐತೇನ್ರಿ?’ ಅನ್ನುವುದು ಈ ಊರಿನ ನಮಸ್ಕಾರ. ಕಲಾವಿದರೇ ಮೊದಲು ಕೇಳುತ್ತಾರೆ. ಯಾರಿಗೂ ಕೊಡಬೇಡಿ, ನಿರ್ದೇಶಕರ ಗುರುಗಳಿಗೂ. ದೊಡ್ಡ ರಂಗಮಂದಿರ ಹಿಡಿಯುವ ಹುಚ್ಚೂ ಬೇಡ. 60 ಜನರ ನಾಟಕವನ್ನು ಅಲ್ಲಿ ಆಡಿದರೆ ಬಾಡಿಗೆಯೇ ನುಂಗುತ್ತದೆ. ಹಳೆ ಗೋದಾಮು, ಕಾಲೇಜಿನ ಷೆಡ್ಡು, ದೊಡ್ಡ ಮನೆಯ ಪಡಸಾಲೆ ಹುಡುಕಿ. ಟಿಕೆಟ್ 150 ಇಡಿ. ನಾಟಕದ ಟಿಕೆಟ್ 500ರ ಒಳಗಿದ್ದರೆ ಜಿಎಸ್‌ಟಿ ತಲೆನೋವು ಇಲ್ಲ. ಷೋಗೆ ನಲವತ್ತು ಟಿಕೆಟ್ ಹೋದರೂ 6,000. ನಾಲ್ಕು ಷೋಗೆ 24,000.

ಇಲ್ಲಿಗೆ ಲೆಕ್ಕ ಹೀಗೆ: ಕೊಂಡ ಸಂಜೆಗಳು ಎರಡು, 30,000. ಟಿಕೆಟ್ 24,000. ಪಟ್ಟಿ 60,000. ಫೋನಿನ ಆಪ್ತರು 25,000. ಉಳಿದ 20,000ಕ್ಕೆ ಒಂದು ಪುಟ್ಟ ಪುಸ್ತಿಕೆ ಮಾಡಿ, ಅಂಗಡಿಗಳ ಜಾಹೀರಾತು ಹಾಕಿ. ಜಾಹೀರಾತಿಗೆ ಪುಸ್ತಿಕೆಯೇ ಸರಿಯಾದ ಜಾಗ, ಸೆಟ್ಟಲ್ಲ. ಒಟ್ಟು 1,59,000. ಇಷ್ಟು ಚೆಂದ ಕೂಡಿದ ಲೆಕ್ಕವನ್ನು ನಾನೇ ನಂಬುವುದಿಲ್ಲ. ಟಿಕೆಟ್ ಕಡಿಮೆ ಹೋಗುತ್ತದೆ, ಪಟ್ಟಿಯಲ್ಲಿ ಹತ್ತು ಜನ ‘ನಾಳೆ ಬರ್ರಿ’ ಅನ್ನುತ್ತಾರೆ. ಆಪತ್ತಿನ 20,000 ಇಟ್ಟದ್ದು ಅದಕ್ಕೇ. ಅದೂ ಸಾಲದಿದ್ದರೆ ವಿಡಿಯೊ ಬಿಡಿ. ನಟರ ಸಂಭಾವನೆಗೆ ಕೈ ಹಚ್ಚಬೇಡಿ.

ಎರಡು ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. ನಾಟಕದ ಕೊನೆಗೆ ರೇಡಿಯೊದಲ್ಲಿ ಹಳೆ ಸಿನಿಮಾ ಹಾಡು ಬರುತ್ತದೆ ಅಂತ ಬರೆದಿದ್ದೀರಿ. ರೆಕಾರ್ಡ್ ಆದ ಹಾಡನ್ನು ಟಿಕೆಟ್ ಷೋದಲ್ಲಿ ಹಾಕಲು ಪರವಾನಗಿ ಬೇಕು, ಅದಕ್ಕೆ ದುಡ್ಡು. ಬದಲಿಗೆ ಆ ಹೆಂಗಸರು ಹಾಡುವ ಪದವನ್ನೇ ನಿಮ್ಮ ನಟಿ ಹಾಡಲಿ. ಕಲಿಸಿದವರ ಹೆಸರು ಪುಸ್ತಿಕೆಯಲ್ಲಿ ಹಾಕಿ. ಇನ್ನೊಂದು, ಈ ಉತ್ಸವದವರು ನಿಮ್ಮಿಂದ ಪ್ರವೇಶ ಶುಲ್ಕ ಕೇಳಿದ್ದಾರಾ? ಕೇಳಿಲ್ಲ ಅಂತ ನಿಮ್ಮ ಪತ್ರದಿಂದ ತಿಳಿಯಿತು, ಒಳ್ಳೆಯದು. ಎಡಿನ್‌ಬರೋದ ಫ್ರಿಂಜ್ ಥರ ಯಾರು ಬೇಕಾದರೂ ತಮ್ಮ ಖರ್ಚಿನಲ್ಲಿ ಹೋಗಿ ಆಡುವ ಉತ್ಸವಗಳಿವೆ. 1947ರಲ್ಲಿ ಕರೆಯದೇ ಬಂದ ಎಂಟು ತಂಡಗಳಿಂದ ಶುರುವಾದದ್ದು ಅದು. ಅದರ ಲೆಕ್ಕ ಪೂರ್ತಿ ಬೇರೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ನಮ್ಮಲ್ಲಿ ಕೆಲವರು ‘ಅಂತರರಾಷ್ಟ್ರೀಯ’ ಅಂತ ಹೆಸರಿಟ್ಟು, ತಂಡಗಳಿಂದಲೇ ಶುಲ್ಕ ತಗೊಂಡು, ಎಲ್ಲರಿಗೂ ಒಂದೊಂದು ಪ್ರಶಸ್ತಿ ಫಲಕ ಹಂಚಿ ಕಳಿಸುತ್ತಾರೆ. ಮುಂದೆ ಅಂಥ ಪತ್ರ ಬಂದರೆ ನನಗೆ ಬರೆಯುವುದೂ ಬೇಡ, ಹರಿದುಹಾಕಿ.

ಈ ವಾರ ಮಾಡಬೇಕಾದ್ದು ಜಂಟಿ ಖಾತೆ, ವೋಚರ್ ಪುಸ್ತಕ, ಯಾರ್ಡಿನಲ್ಲಿ ಷೋ ಮಾಡಲು ಎಪಿಎಂಸಿ ಕಾರ್ಯದರ್ಶಿಗಳಿಗೆ ಒಂದು ಪತ್ರ. ಸೋಮವಾರ, ಗುರುವಾರ ಟೆಂಡರ್ ಇರುತ್ತದೆ, ಆ ದಿನ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಬೇರೆ ದಿನ ಕೇಳಿ, ಯಾವ ಹೊತ್ತು ಅನ್ನುವುದನ್ನು ಆ ಹೆಂಗಸರನ್ನೇ ಕೇಳಿ. ಅವರು ಮನೆಗೆ ಹೋಗಿ ರೊಟ್ಟಿ ಮಾಡಬೇಕಿರುತ್ತದೆ. ಬ್ಯಾಡಗಿಯ ಟಿಕೆಟ್ ಷೋ ತಾರೀಕು ಗೊತ್ತಾದ ಕೂಡಲೇ ತಿಳಿಸಿ. ನನಗೂ ನನ್ನ ಹೆಂಡತಿಗೂ ಎರಡು ಟಿಕೆಟ್ ಎತ್ತಿಡಿ, 300 ರೂಪಾಯಿ ಮೊದಲೇ ಕಳಿಸುತ್ತೇನೆ. ಅವಳಿಗೆ ಘಾಟಿಗೆ ಕೆಮ್ಮು ಬರುತ್ತದೆ, ರಾಶಿಯಿಂದ ಸ್ವಲ್ಪ ದೂರದ ಚೀಲ ಇದ್ದರೆ ನೋಡಿ.